ಮೋಡದ ಕೆಳಗಿನ ಗೆರೆಗಳು

ಮಾರ್ಚ್ ೧೪, ಮಂಗಳವಾರ

ನನ್ನ ಮುದ್ದು ಮಗಳೇ,

ಅಮ್ಮನ ಆಶೀರ್ವಾದ. ನಿಮ್ಮಪ್ಪನ ಎಡ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ಕ್ಷೇಮ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಅಂಚೆಯವನ ಮೇಲೆ ತಪ್ಪು ಹೊರಿಸಬಹುದಿತ್ತು, ಆದರೆ ಪಾಪ, ಅವನು ಎರಡೇ ದಿನದಲ್ಲಿ ತಂದುಕೊಟ್ಟಿದ್ದ. ತಡ ಮಾಡಿದವಳು ನಾನೇ. ಯಾಕೆಂದು ಹೇಳುತ್ತೇನೆ, ಮೊದಲು ಮನೆಯ ಸುದ್ದಿ ಕೇಳು.

ನೀನು, ನಿನ್ನ ಗೆಳತಿಯರಾದ ದಂತವೈದ್ಯೆ, ಬೇಕರಿಯವಳು ಮೂವರೂ ಸೇರಿ ಆ ಹಿಮಬೆಟ್ಟ ಹತ್ತುತ್ತೀರೆಂದು ತಿಳಿದಾಗಿನಿಂದ ನಿಮ್ಮಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೂವತ್ತು ವರ್ಷ ಕೂತು ಬಸ್ಸು ಓಡಿಸಿದವರು, ಗೊಣಗದೆ ಮಹಡಿ ಹತ್ತಿದ್ದನ್ನು ನಾನು ಕಂಡಿಲ್ಲ. ಈಗ ನೀನು ಇಲ್ಲಿ ಬಿಟ್ಟುಹೋದ ಮಲಗುವ ಚೀಲ ಎಷ್ಟು ಬೆಚ್ಚಗಿದೆಯೆಂದು ನೋಡಲು ಮಟಮಟ ಮಧ್ಯಾಹ್ನ ಅದರೊಳಗೆ ಹೊಕ್ಕರು. ಜಿಪ್ಪು ಸಿಕ್ಕಿಕೊಂಡಿತು. "ಲೇ, ಬಾರೇ ಬೇಗ, ಬೆಂದು ಹೋಗ್ತಿದ್ದೀನಿ!" ಎಂದು ಒಂದೇ ಕೂಗು. ಕತ್ತರಿ ತರಲೇ ಎಂದೆ. "ಅವಳ ಚೀಲಕ್ಕೆ ಕತ್ತರಿ ಮುಟ್ಟಿಸಿದ್ರೆ ನೋಡು ಮತ್ತೆ" ಎಂದರು. ಕೊನೆಗೆ ಸೋಪು ಸವರಿ ಬಿಡಿಸಿದೆ. ಮೊಣಕಾಲಿನ ಕಥೆ ಬೇರೆ: ನೀನು ಹೊರಬೇಕಾದ ಹದಿನೆಂಟು ಕಿಲೋ ಎಂದರೆ ಎಷ್ಟೆಂದು ತಿಳಿಯಲು ಚೀಲಕ್ಕೆ ಹಳೆಯ ಪುಸ್ತಕ ತುಂಬಿಕೊಂಡು ಮೂರು ಸಲ ಮಹಡಿ ಹತ್ತಿಳಿದರು.

ನನ್ನದೂ ಕುತೂಹಲವೇ, ಆದರೆ ಕೂತಲ್ಲಿಂದಲೇ. ಹಿಮನದಿ ಸದ್ದು ಮಾಡುತ್ತದಂತೆ, ನಿಜವೇ? ಗುಡುಗಿನ ಹಾಗೋ, ಹಳೇ ಬಾಗಿಲಿನ ಹಾಗೋ? ನಕ್ಷೆಯ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಬೆಟ್ಟಗಳ ಎತ್ತರ ತೋರಿಸುವ ಗೆರೆ ಎಳೆದೆ. ಮಣ್ಣಿನ ಮೇಲಾದರೆ ಕಂದು ಶಾಯಿ, ಹಿಮದ ಮೇಲಾದರೆ ನೀಲಿ. ಅಷ್ಟೊಂದು ಹಿಮ ಬರೆದವಳು ಕೈಯಲ್ಲಿ ಹಿಡಿದದ್ದು ಫ್ರಿಜ್ಜಿನ ಐಸು ಮಾತ್ರ. ಹತ್ತಿರದಿಂದ ಅದು ನಿಜಕ್ಕೂ ನೀಲಿಯೋ, ಅಥವಾ ನಮ್ಮ ಕಚೇರಿಯವರು ಕಟ್ಟಿದ ಕಥೆಯೋ? ಬಿರುಕಿನೊಳಗೆ ಬಗ್ಗಿದರೆ ಏನಾದರೂ ವಾಸನೆ ಬರುತ್ತದೆಯೇ? ಎಲ್ಲ ನೋಡಿಕೊಂಡು ಬಂದು ಬಾಯಲ್ಲಿ ಹೇಳು. ಫೋಟೋ ಕಳಿಸುತ್ತೇನೆ ಎಂದು ಮಾತ್ರ ಹೇಳಬೇಡ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. "ಅಮ್ಮ, ನಾವು ನಿನ್ನ ನಕ್ಷೆ ಹಿಡ್ಕೊಂಡೇ ಹೋಗೋದು. ಪೂರ್ವದ ತಗ್ಗಿನಲ್ಲಿ ಗೆರೆಗಳು ದೂರ ದೂರ ಇವೆ, ಅಂದ್ರೆ ಇಳಿಜಾರು ಸಲೀಸು ತಾನೇ? ಅಲ್ಲೇ ಇಳಿದ್ರೆ ಒಂದು ಹಗ್ಗ ಮನೇಲೇ ಬಿಡಬಹುದು" ಎಂದು ಬರೆದಿದ್ದೀಯ. ಹಾಳೆಯ ಮೂಲೆಯಲ್ಲಿರುವ ನನ್ನ ಅಂಕಿತವನ್ನು ಗೆಳತಿಯರಿಗೆಲ್ಲ ತೋರಿಸಿದೆಯಂತೆ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಹೋದ ವಾರ ಹಳೇ ಕಚೇರಿಗೆ ಹೋದೆ. ವಿಮಾನದಿಂದ ತೆಗೆದ ಫೋಟೋಗಳ ಕೋಣೆ ಈಗಲೂ ಭೂತಗನ್ನಡಿಯ ವಶದಲ್ಲೇ ಇದೆ. ನೆನಪಿದೆಯಾ, ದಪ್ಪ ಕನ್ನಡಕದ ಗುಮಾಸ್ತ, ಚಿಕ್ಕಂದಿನಲ್ಲಿ ನಿನಗೆ ಪೆನ್ಸಿಲ್ ತುಂಡು ಕೊಡುತ್ತಿದ್ದವನು? "ಏನ್ ಮೇಡಂ, ನಿವೃತ್ತಿ ಆದ್ರೂ ಬೆಟ್ಟ ಬಿಡ್ಲಿಲ್ವಾ ನಿಮ್ಮನ್ನ?" ಎನ್ನುತ್ತಾ ಆ ಬೆಟ್ಟದ ಜೋಡಿ ಫೋಟೋ ಹುಡುಕಿಕೊಟ್ಟ. ಎರಡನ್ನೂ ಪಕ್ಕಪಕ್ಕ ಇಟ್ಟು ಎರಡು ಮಸೂರದ ಯಂತ್ರದಲ್ಲಿ ಇಣುಕಿದರೆ ಚಪ್ಪಟೆ ಕಾಗದದಿಂದ ಬೆಟ್ಟ ಎದ್ದು ನಿಲ್ಲುತ್ತದೆ. ಇಷ್ಟು ವರ್ಷದ ಮೇಲೂ ಮೈ ಜುಮ್ಮೆಂದಿತು. ಶಿಖರ ಎದ್ದಿತು, ಅದರ ಕಾಲಡಿ ಹಿಮನದಿ ಹರಡಿಕೊಂಡಿತು. ಪೂರ್ವದ ತಗ್ಗಿನ ಮೇಲೆ ಮಾತ್ರ ದಟ್ಟ ಮೋಡ. ಅದರಡಿ ಏನಿದೆಯೆಂದು ನೋಡಲು ಪೆದ್ದಿಯ ಹಾಗೆ ತಲೆ ಬಗ್ಗಿಸಿದೆ. "ಮೇಡಂ, ಮೇಜಿನ ಕೆಳಗೆ ಹೋದ್ರೂ ಕಾಣಲ್ಲ" ಎಂದ ಭೂತಗನ್ನಡಿ.

ಹೌದು ಮಗಳೇ, ಆ ತಗ್ಗನ್ನು ನಾನು ಆಗಲೂ ನೋಡಿರಲಿಲ್ಲ. ಕಾಣದ ನೆಲವನ್ನು ತುಂಡು ಗೆರೆಯಲ್ಲಿ ಬರೆಯಬೇಕು, ಅದು ನಮ್ಮ ಕಸುಬಿನ ಮೊದಲ ಪಾಠ. ಹಾಳೆ ಅಚ್ಚಿಗೆ ಹೋಗುವ ದಿನ ನಮ್ಮ ಸಾಹೇಬರು ಬಂದು, "ತುಂಡು ಗೆರೆ ಇದ್ರೆ ಮೇಲಿನವರು ವಾಪಸ್ ಕಳಿಸ್ತಾರೆ. ಆಚೆ ಈಚೆ ನೋಡಿ ಜೋಡಿಸಿಬಿಡಿ. ಅಲ್ಲಿಗೆ ಯಾರಮ್ಮ ಹೋಗ್ತಾರೆ?" ಎಂದರು. ಒಂದು ಮಧ್ಯಾಹ್ನದಲ್ಲಿ ಜೋಡಿಸಿದೆ. ಚೆಂದವಾಗಿಯೇ ಜೋಡಿಸಿದೆ, ಯಾರಿಗೂ ಅನುಮಾನ ಬರದಷ್ಟು. ದೂರದ ಬೆಟ್ಟ ನುಣ್ಣಗೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಶಾಯಿಯಲ್ಲಿ ಎಳೆದು ಅಚ್ಚು ಹಾಕಿಸಿದವಳು ನಾನೊಬ್ಬಳೇ ಇರಬೇಕು. ಈ ಸಲ ಸರಿಯಾಗಿ ನೋಡಿದಾಗ ಮೋಡದ ಅಂಚಿನಿಂದ ಒಂದು ಕಪ್ಪು ನೆರಳು ಹೊರಗೆ ಚಾಚಿತ್ತು. ಸಲೀಸು ಇಳಿಜಾರಿಗೆ ಅಷ್ಟುದ್ದ ನೆರಳಿರುವುದಿಲ್ಲ. ಅಲ್ಲಿ ಕಡಿದಾದ ಗೋಡೆಯೇ ಇದ್ದೀತು.

ಆದ್ದರಿಂದ ಹತ್ತಿದ ದಾರಿಯಲ್ಲೇ ಇಳಿಯಿರಿ. ಎರಡೂ ಹಗ್ಗ ಒಯ್ಯಿರಿ. ಭಾರವಾದರೆ ಬೇಕರಿಯವಳ ಬಿಸ್ಕತ್ತಿನ ಡಬ್ಬ ಬಿಟ್ಟು ಹೋಗಿ. ಆ ಹಾಳೆಯನ್ನು ಮತ್ತೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಗೆರೆ ಮೊದಲಿನಷ್ಟು ನಯವಾಗಿಲ್ಲ, ಕ್ಷಮಿಸು. ಪೂರ್ವದ ತಗ್ಗನ್ನು ಖಾಲಿ ಬಿಟ್ಟು, ನಡುವೆ "ಗೊತ್ತಿಲ್ಲ" ಎಂದು ಬರೆದಿದ್ದೇನೆ. ಅಮ್ಮನ ಮೇಲಿನ ಹೆಮ್ಮೆ ಕಡಿಮೆಯಾದರೂ ಚಿಂತೆಯಿಲ್ಲ, ನೀನು ಸುಸೂತ್ರವಾಗಿ ಮನೆ ಸೇರಿದರೆ ಸಾಕು.

ಹವೆ ತಿಳಿಯಾಗಿರಲಿ, ಹಗ್ಗ ಗಟ್ಟಿಯಾಗಿರಲಿ, ನಿನ್ನ ಹಠ ಸ್ವಲ್ಪ ಮೆತ್ತಗಿರಲಿ. ನಿಮ್ಮಪ್ಪನ ಆಶೀರ್ವಾದವೂ ಇದೆ. ಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಹೇಳುತ್ತಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಇಷ್ಟು ಬರೆಯಲು ಮೂರು ವಾರ ಬೇಕಿರಲಿಲ್ಲ. ನೀನು ಕೇಳಿದ್ದನ್ನೇ ಹನ್ನೊಂದು ವರ್ಷದ ಹಿಂದೆ ಒಬ್ಬ ಶಾಲಾ ಮೇಷ್ಟ್ರು ಕೇಳಿದ್ದರು. "ತಮ್ಮನ ಜೊತೆ ಆ ತಗ್ಗಿನಲ್ಲಿ ಇಳಿಯಬೇಕೆಂದಿದ್ದೇನೆ, ಗೆರೆಗಳನ್ನು ನಂಬಬಹುದೇ?" ಎಂದು ಕಚೇರಿಗೆ ಬರೆದು, ಉತ್ತರಕ್ಕೆ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟಿದ್ದರು. ಆಗ ಸಾಹೇಬರ ಕುರ್ಚಿಯಲ್ಲಿ ನಾನೇ ಕೂತಿದ್ದೆ. ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ "ನಕ್ಷೆ ಸರಿಯಾಗಿದೆ" ಎಂದು ಒಂದೇ ಸಾಲು ಬರೆದು ಅದೇ ಲಕೋಟೆಯಲ್ಲಿ ಕಳಿಸಿದೆ. "ಇಳಿದು ಬಂದ ಮೇಲೆ ನಿಮಗೊಂದು ಫೋಟೋ ಕಳಿಸುತ್ತೇನೆ" ಎಂದು ಅವರು ಪತ್ರದ ಕೊನೆಯಲ್ಲಿ ಬರೆದಿದ್ದರು. ಬರಲಿಲ್ಲ. ಜನ ಮರೆಯುತ್ತಾರೆ ಎಂದು ಹನ್ನೊಂದು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿಮ್ಮಪ್ಪನಿಗೂ ಹೇಳಿಲ್ಲ. ಬೆಟ್ಟದ ಬುಡದ ಹಳ್ಳಿಯಲ್ಲಿ ಕೇಳಿ ನೋಡು: ಆ ವರ್ಷ ಅಣ್ಣತಮ್ಮಂದಿರಿಬ್ಬರು ಬಂದಿದ್ದರೇ, ವಾಪಸಾದರೇ? ಉತ್ತರ ಏನೇ ಇರಲಿ, ನನ್ನಿಂದ ಮುಚ್ಚಿಡಬೇಡ. ಮತ್ತೆ, ನೀನು ಇಳಿದ ದಿನವೇ ಒಂದು ಫೋಟೋ ಕಳಿಸು. ಕಳಿಸುತ್ತೇನೆ ಎಂದು ಬರೆಯಬೇಡ. ಕಳಿಸು.