ಎಮ್ಮೆಗೆ ಬೇಸರ, ನನಗಲ್ಲ

ಬೈಲಹೊಂಗಲ,
ನಳ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ, ೧೯೧೬

ಚಿರಂಜೀವಿ ಸೌಭಾಗ್ಯವತಿ ಇಂದ್ರವ್ವಗೆ ನಿನ್ನ ಅಪ್ಪ ಮಹಾಂತಪ್ಪನ ಅನೇಕ ಆಶೀರ್ವಾದಗಳು.

ರಾಮದುರ್ಗದಲ್ಲಿ ನೀನು, ಅಳಿಯಂದಿರು, ಕೂಸು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಎಮ್ಮೆ ಕ್ಷೇಮ. ಕಾಗದ ತಡವಾಯಿತು, ಸಿಟ್ಟಾಗಬೇಡ. ಸಿಟ್ಟು ಮೊದಲೇ ಆಗಿದ್ದರೆ ಅದರ ಮೇಲೆ ಇನ್ನೊಂದು ಆಗಬೇಡ.

ಮುಖ್ಯ ಸುದ್ದಿ: ನಿನ್ನ ಅಪ್ಪ ಈಗ ಸಾಮಾನ್ಯ ಮನುಷ್ಯನಲ್ಲ, ಪಾದರಸದಿಂದ ಅಳೆಸಿಕೊಂಡವನು. ದೀಪಾವಳಿ ಆದಮೇಲೆ ಪೇಟೆಯಲ್ಲಿ ಹತ್ತಿಯ ದರ ಮಾಡುತ್ತಿದ್ದೆ. ನಮ್ಮ ದಲ್ಲಾಳಿ ರೂಢಿ ನಿನಗೆ ಗೊತ್ತೇ ಇದೆ: ಕೈ ಮೇಲೆ ವಲ್ಲಿ ಮುಚ್ಚಿ, ಒಳಗೆ ಬೆರಳು ಹಿಡಿದು ದರ ಹೇಳುವುದು, ಮುಖದಲ್ಲಿ ಮಾತ್ರ ಏನೂ ಕಾಣಿಸಬಾರದು. ಅಂದು ವಲ್ಲಿಯ ಕೆಳಗೆ ನನ್ನ ಬೆರಳು ನಡುಗಿದವು. ಕೊಳ್ಳುವವನು ಗಾಬರಿಯಾದ. ಅಷ್ಟರಲ್ಲಿ ತಲೆ ಗಿರ್ರೆಂದು ತಿರುಗಿ ಹತ್ತಿಯ ಗಂಟಿನ ಮೇಲೆಯೇ ಉರುಳಿದೆ. ಬೀಳಲಿಕ್ಕೂ ಜಾಗ ಆರಿಸಿಕೊಂಡ ಎಂದು ಪೇಟೆಯವರು ಇಂದಿಗೂ ಹೊಗಳುತ್ತಾರೆ.

ಪಕ್ಕದ ಮನೆಯ ಶಟ್ಟೆಪ್ಪ ಬಿಡಲಿಲ್ಲ. "ಸವದತ್ತಿಗೆ ಬೆಳಗಾವಿ ಕಡಿಂದ ದೊಡ್ಡ ಡಾಕ್ಟರ ಬಂದಾರ, ಏಳೋ ಮಾರಾಯಾ, ಸತ್ತಗಿತ್ತೀ" ಎಂದು ಚಕ್ಕಡಿ ಹೂಡಿದ. ಡಾಕ್ಟರರು ನನ್ನ ತೋಳಿಗೆ ಬಟ್ಟೆ ಸುತ್ತಿ, ರಬ್ಬರಿನ ಬುರುಡೆ ಒತ್ತತೊಡಗಿದರು; ಎದುರಿನ ಗಾಜಿನ ನಳಿಗೆಯಲ್ಲಿ ಪಾದರಸ ಮೇಲೇರಿತು. ಬಟ್ಟೆ ಬಿಗಿಯಾದ ಕೂಡಲೆ, ರೂಢಿ ನೋಡು, ನಾನು ಅವರ ಬೆರಳು ಹಿಡಿದು ದರ ಹೇಳಿಬಿಟ್ಟೆ!

"ಏನ ಮಾಡ್ತೀರಿ?" ಎಂದರು.

"ಪಾದರಸ ಏರಿತಲ್ಲರಿ. ದರ ಏರೂ ತೇಜಿ ಪೇಟಿ ಅಂತ ತಿಳದೆ."

ಶಟ್ಟೆಪ್ಪ ಬಿದ್ದು ಬಿದ್ದು ನಕ್ಕ. ಡಾಕ್ಟರರು ನಗಲಿಲ್ಲ. "ರಕ್ತದ ಒತ್ತಡ ಭಾಳ ಐತಿ. ನಿದ್ದಿ ಬರ್ತದೇನು?"

"ಅದಕ್ಕ ನಮ್ಮ ಮನಿ ದಾರಿ ತಪ್ಪೇತ್ರಿ."

"ಊಟ?"

"ಎಮ್ಮಿ ಜೋಡಿ ಪಂಕ್ತಿ. ಅದೂ ಬಿಡ್ತೈತಿ, ನಾನೂ ಬಿಡ್ತೇನಿ."

"ಮನ್ಯಾಗ ಯಾರದಾರ?"

ಇದಕ್ಕೆ ಶಟ್ಟೆಪ್ಪನೇ ಹೇಳಿದ: "ಇಂವನ ಹೆಂಡತಿ ಬಾಯವ್ವ ಶ್ರಾವಣದಾಗ ತೀರಿಕೊಂಡಳ್ರಿ. ಆದ್ರ ಇಂವಗೇನೂ ಆಗಿಲ್ಲರಿ, ಮೊದಲಿನಂಗ ನಗಸ್ತಾನ."

ಡಾಕ್ಟರರು ಬಟ್ಟೆ ಬಿಚ್ಚಿದರು. "ಮನಸ್ಸು ಕುಗ್ಗಿದವರೊಳಗ ನಾ ಇದನ್ನ ಭಾಳ ನೋಡೇನಿ. ದುಃಖ ರಕ್ತ ಏರಸ್ತದೋ, ರಕ್ತ ಏರಿ ಮನಸ್ಸ ಕುಗ್ಗಸ್ತದೋ, ನನಗೂ ಖಾತ್ರಿ ಇಲ್ಲ. ಒಂದ ನೊಗಕ್ಕ ಕಟ್ಟಿದ ಎರಡ ಎತ್ತು. ಒಂದನ್ನಷ್ಟ ಹಿಡದ್ರ ಬಂಡಿ ನಿಲ್ಲೂದಿಲ್ಲ. ಉಪ್ಪು ಕಡಿಮಿ ಮಾಡ್ರಿ. ಒಬ್ಬರ ಇರಬ್ಯಾಡ್ರಿ."

"ಉಪ್ಪ ಶ್ರಾವಣದಾಗ ಹೋತ್ರಿ" ಎಂದೆ. ಆಗ ಶಟ್ಟೆಪ್ಪನೂ ನಗಲಿಲ್ಲ. ಊರು ಮುಟ್ಟುವವರೆಗೆ ಎತ್ತಿಗಷ್ಟೇ ಮಾತಾಡಿದ.

ಇನ್ನು ನಿಮ್ಮವ್ವ ತೀರಿದ ಮೇಲಿನ ಆ ದಿನದ ಸಂಗತಿ. ನೀನು ಚಕ್ಕಡಿ ಕಟ್ಟಿಸಿಕೊಂಡು ನನ್ನ ಬೇಸರ ಕಳೆಯಲು ಕರೆಯಬಂದಿದ್ದೆ. ಸಾವಾದ ಮನೆಯವರನ್ನು ಬೀಗರು, ಮಕ್ಕಳು ಬಂದು ಕರೆದುಕೊಂಡು ಹೋಗಿ ನಾಲ್ಕು ದಿನ ಇಟ್ಟುಕೊಳ್ಳುವುದು ಹಿರಿಯರು ಸುಮ್ಮನೆ ಮಾಡಿದ ಪದ್ಧತಿಯಲ್ಲ. ನಾನೋ, ಜನ ತುಂಬಿದ ಪಡಸಾಲೆಯಲ್ಲಿ, "ನನಗೆಲ್ಲಿ ಬ್ಯಾಸರಾ? ಎಮ್ಮಿ ಹಾಲ ಕೊಡೂದ ಬಿಟ್ಟೈತಿ, ಅದನ್ನ ಕರಕೊಂಡ ಹೋಗವಾ" ಎಂದೆ. ಎಲ್ಲರೂ ನಕ್ಕರು. ನೀನು ಮಾತ್ರ, "ಅವ್ವ ಸತ್ತಿದ್ದು ನಿನಗ ಸಂತಿ ಸುದ್ದಿ ಆತೇನಪಾ?" ಎಂದು ಬರಿಯ ಚಕ್ಕಡಿ ತಿರುಗಿಸಿಕೊಂಡು ಹೋದೆ. ಅಂದಿನಿಂದ ನಿನ್ನ ಕಾಗದವಿಲ್ಲ.

ಬೇಸರ ಕಳೆಯಲು ಯಾರೂ ತಾವಾಗಿ ಹೋಗುವಂತಿಲ್ಲ, ಕರೆಯಬೇಕು. ಒಮ್ಮೆ ಒಲ್ಲೆನೆಂದವನನ್ನು ಮತ್ತೆ ಕರೆಯುವ ವಾಡಿಕೆ ಇಲ್ಲವೆಂದು ಶಟ್ಟೆಪ್ಪ ಹೇಳುತ್ತಾನೆ. ಪದ್ಧತಿಯ ವಿಷಯದಲ್ಲಿ ಅವನು ಕತ್ತೆ ಎಂದು ನನ್ನ ಅಭಿಪ್ರಾಯ. ನಿನ್ನದು ಏನೋ ತಿಳಿಯದು. ನನ್ನ ಗಂಟು ಕಟ್ಟಿಯೇ ಇದೆ; ಎಮ್ಮೆಯನ್ನು ಶಟ್ಟೆಪ್ಪನ ಮನೆಯವರು ನೋಡಿಕೊಳ್ಳುತ್ತಾರೆ.

ಅಳಿಯಂದಿರಿಗೆ ಆಶೀರ್ವಾದ. ಕೂಸಿನ ಎರಡೂ ಗಲ್ಲಕ್ಕೆ ಮುತ್ತು. ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ಅಪ್ಪ,
ಮಹಾಂತಪ್ಪ

ತಾ. ಕ.: ಒಂದು ಮಾತು ಉಳಿಯಿತು. ಮಂದಿಯ ಮುಂದೆ ನನ್ನ ನಗೆಚಾಟಿಕೆ ಹದ್ದು ಮೀರಿದಾಗ ನಿಮ್ಮವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡುತ್ತಿದ್ದಳು. ಸಾಕು ಮಾಡ್ರಿ ಎಂದರ್ಥ. ಕೇಳಿದ ಕೂಡಲೆ ಸುಮ್ಮನಾಗುತ್ತಿದ್ದೆ. ನೀನು ಕರೆಯಬಂದ ದಿನವೂ ಆ ಬಾಗಿಲ ಕಡೆಗೇ ಕಿವಿ ಇತ್ತು, ಮಗಳೆ. ಸದ್ದು ಬರಲಿಲ್ಲ. ಹೇಗೆ ನಿಲ್ಲಿಸಬೇಕೋ ತಿಳಿಯಲಿಲ್ಲ. ನೀನು ಬಂದಾಗ ನಾನು ಮತ್ತೆ ಹಾಗೆ ಮಾತಾಡಿದರೆ ಸಿಟ್ಟು ಮಾಡಬೇಡ. ಒಂದು ಸಲ ಬಳೆ ಆಡಿಸು.