ಮಾಟೆ ಹೊಯ್ಯುವ ಕೈ

ಜೂನ್ 4, ಬೆಳಿಗ್ಗೆ 6
ನೀರು ಕುದಿಯುವ ಮೊದಲೇ ಇಳಿಸಿ ಫ್ಲಾಸ್ಕಿಗೆ ತುಂಬಿದೆ. ಕುದಿಸಿದರೆ ಮಾಟೆ ಸೊಪ್ಪು, ನಮ್ಮ ಕಡೆಯ ಈ ಕಹಿ ಚಹಾ, ಕೆಟ್ಟಿತೆಂದೇ ಲೆಕ್ಕ. ಸೋರೆಬುರುಡೆಗೆ ಸೊಪ್ಪು ತುಂಬಿ, ಹೀರುವ ಕೊಳವೆ ಸಿಕ್ಕಿಸಿ, ಗೇಟಿನ ಹತ್ತಿರ ಕುರ್ಚಿ ಹಾಕಿದೆ. ಪಕ್ಕದ ಮನೆ ಬಾಸಿಲಿಯೊ ಹಾಜರ್. ಬುರುಡೆ ಎಲ್ಲರಿಗೂ ಒಂದೇ, ಅದಕ್ಕೆ ಬಿಸಿನೀರು ಹೊಯ್ದು ಕೊಡುವವನೂ ಒಬ್ಬನೇ — ನಾನು. ಮೊದಲ ಕಹಿ ನನಗೆ. ಆಮೇಲೆ ಯಾರಿಗೆ, ಯಾವಾಗ, ಎಷ್ಟು — ಎಲ್ಲ ನಾನು ಹೇಳಿದ ಹಾಗೆ. ಐವತ್ತು ವರ್ಷದಿಂದ ಹೀಗೇ.
"ಇವತ್ಯಾಕೋ ಸಪ್ಪೆ ಕಣೋ," ಎಂದ.
"ಹಂಗಾದ್ರೆ ನಿಮ್ಮನೇಲೇ ಕುಡಿ, ಹೋಗೋ."
ಎಲ್ಲಿ ಹೋಗ್ತಾನೆ! ಏಳು ಸಲ ಕುಡಿದ.

ಜೂನ್ 11
ಕೈ ನಡುಗಿತು. ಬಿಸಿನೀರು ತೊಡೆ ಮೇಲೆ. ಸಣ್ಣ ಬೊಬ್ಬೆ ಎದ್ದಿತು, ಅಷ್ಟೆ. ಮಗಳು ನೆಲಿಡಾ ಊರಿಗೇ ಬೆಂಕಿ ಬಿದ್ದ ಹಾಗೆ ಓಡಿಬಂದಳು.
"ಸಾಕಪ್ಪಾ. ಇನ್ಮೇಲೆ ನಾನೇ ಹೊಯ್ಕೊಡ್ತೀನಿ. ನೀನು ಆರಾಮಾಗಿ ಕೂತು ಕುಡಿ."
"ನದೀಲಿ ನಲವತ್ತು ವರ್ಷ ಲಾಂಚ್ ನಡೆಸಿದ ಕೈ ಕಣೇ ಇದು!"
"ಗೊತ್ತು. ಫ್ಲಾಸ್ಕ್ ಕೊಡಿಲ್ಲಿ."
ಕೊಟ್ಟುಬಿಟ್ಟೆ. ಯಾಕೆ ಕೊಟ್ಟೆ? ಸಿಟ್ಟು ಇನ್ನೂ ಇಳಿದಿಲ್ಲ.

ಜೂನ್ 19
ಅವಳಿಗೆ ಬಿಡುವಾದಾಗ ಮಾಟೆ. ಒಮ್ಮೆ ಎಂಟೂವರೆ, ಒಮ್ಮೆ ಹತ್ತು. ಬಾಸಿಲಿಯೊ ಎರಡು ದಿನ ಕಾದ, ಆಮೇಲೆ ಬರಲಿಲ್ಲ. ಈಗ ಗ್ಯಾಸ್ ರೆಗ್ಯುಲೇಟರನ್ನೂ ಕಿತ್ತಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಯಾವ ಸ್ವೆಟರ್, ಎಷ್ಟು ಹೊತ್ತಿಗೆ ಸ್ನಾನ — ಅದೂ ಅವಳದೇ. ನನ್ನ ಒಳ್ಳೆಯದಕ್ಕಂತೆ. ಒಳ್ಳೆಯವಳೇ, ಪಾಪ. ಅದೇ ಕಷ್ಟ. ಬೈಯುವ ಹಾಗೂ ಇಲ್ಲ.

ಜುಲೈ 8
ಎದ್ದದ್ದು ಹನ್ನೊಂದಕ್ಕೆ. ಎದ್ದು ಮಾಡುವುದಾದರೂ ಏನು?

ಜುಲೈ 23
ಆಸ್ಪತ್ರೆ. ಡಾಕ್ಟರಮ್ಮ ಕೇಳಿದ್ದು ನನ್ನನ್ನು — ಊಟ ಸೇರುತ್ತಾ, ನಿದ್ದೆ ಬರುತ್ತಾ. ಉತ್ತರವೆಲ್ಲ ನೆಲಿಡಾಳದು.
"ಅವ್ರೇ ಹೇಳ್ಲಿ ಬಿಡಮ್ಮ," ಎಂದರು.
ಬಾಯಿ ತೆರೆದೆ. ಏನು ಹೇಳಲೆಂದು ಮಗಳ ಮುಖ ನೋಡಿದೆ. ನಾಚಿಕೆಯಾಯಿತು. ಖಿನ್ನತೆಯಂತೆ. ಒಂದು ಮಾತ್ರೆ. ಏಳುವಾಗ ಅವಳಿಗೆ ಹೇಳಿದರು: "ಅವ್ರ ಕೈಲಾಗೋದನ್ನ ಅವ್ರಿಗೇ ವಾಪಸ್ ಕೊಡು."

ಆಗಸ್ಟ್ 2
ಆರಕ್ಕೇ ಎಬ್ಬಿಸಿದಳು. ಗೇಟಿನ ಹತ್ತಿರ ಕುರ್ಚಿ ಹಾಕಿದ್ದಳು. ಬಾಸಿಲಿಯೊನನ್ನು ತಾನೇ ಹೋಗಿ ಕರೆದು ತಂದಿದ್ದಳು. ಬುರುಡೆ ಕೈಗಿತ್ತು, ಫ್ಲಾಸ್ಕ್ ಮಡಿಲಲ್ಲಿಟ್ಟಳು.
"ತಪ್ಪಾಯ್ತಪ್ಪಾ. ನೀನೇ ಹೊಯ್ಯಿ. ನಡುಗಿದ್ರೆ ನಡುಗ್ಲಿ."
"ಶುರು ಮಾಡು ಕ್ಯಾಪ್ಟನ್," ಎಂದ ಬಾಸಿಲಿಯೊ. "ಹತ್ತತ್ರ ಎರಡು ತಿಂಗ್ಳಿಂದ ಹೆಂಡ್ತಿ ಹೊಯ್ದಿದ್ದೇ ಕುಡ್ದು ಕುಡ್ದು ಸತ್ತೆ."
ಇದೇ ತಾನೇ ಬೇಕಿದ್ದದ್ದು? ಮುಚ್ಚಳ ತಿರುಗಿಸಿದೆ. ಕೈ ಒಂಚೂರೂ ನಡುಗಲಿಲ್ಲ. ಹಾಗೇ ಕೂತೆ. ಇಬ್ಬರೂ ಕಾಯುತ್ತಿದ್ದರು. ಕೊನೆಗೆ ಮಗಳ ಕಡೆ ತಿರುಗಿ ಕೇಳಿದೆ:
"ಹೊಯ್ಲಾ?"
"ಹೂಂ, ಹೊಯ್ಯಪ್ಪಾ."
"ಎಷ್ಟು?"
ಬಾಸಿಲಿಯೊ ತಲೆ ತಗ್ಗಿಸಿದ. ನೆಲಿಡಾ ಅಳುತ್ತಲೇ ಫ್ಲಾಸ್ಕ್ ತೆಗೆದುಕೊಂಡಳು. ತೆಗೆದುಕೊಂಡಾಗ ನನಗೆ ಬೇಜಾರಾಗಲಿಲ್ಲ. ಹಗುರಾಯಿತು. ದೇವರೇ, ಹಗುರಾಯಿತು... ನಾಳೆ ಮತ್ತೆ ಕೊಟ್ಟರೆ ನಾನು ತೆಗೆದುಕೊಳ್ಳುತ್ತೇನೋ ಇಲ್ಲವೋ —