ಗುಂಡಿಗೆಯೊಳಗಿನ ಬಾಗಿಲು

ಪುಚೊಂಗ್,
ಫೆಬ್ರುವರಿ 8, 2025

ಪ್ರೀತಿಯ ತಮ್ಮ ಇಸಾಕ್‌ಗೆ ನಿನ್ನ ಆಪಾ ಝುಬೇದಾಳ ಸಲಾಂ.

ಹೇಗಿದ್ದೀಯಪ್ಪ? ನಿನ್ನಾಕೆ ಖುರ್ಷಿದಾಳ ಮಂಡಿನೋವು ಇಳಿಯಿತೇ, ಮೆಟ್ಟಿಲು ಹತ್ತುತ್ತಾಳೆಯೇ? ಮೊಮ್ಮಗ ಅದ್ನಾನ್‌ನ ಜ್ವರ ಬಿಟ್ಟಿತೇ? ಪಕ್ಕದ ಮನೆ ಗಂಗಾಧರ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಂಡರಂತೆ. ಇನ್ನು ಮೇಲೆ ಚೌಕಾಬಾರದಲ್ಲಿ ನೀನು ಕಾಯಿ ಸರಿಸುವುದು ಅವರಿಗೆ ಕಾಣುತ್ತದೆ, ಜೋಪಾನ. ಇಲ್ಲಿ ಮಗ ನಯಾಜ್, ಸೊಸೆ ತಹರೀಮ್, ಮೊಮ್ಮಗಳು ನಿದಾ ಎಲ್ಲರೂ ಉಂಡುಟ್ಟುಕೊಂಡು ಇದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನೀನೇ ಊಹಿಸಿಕೊಂಡು ಊರಿಗೆಲ್ಲ ಹೇಳುತ್ತೀಯ. ಅದಕ್ಕೇ ಕಾಗದ ಬರೆಯಲು ಕೂತೆ.

ನಿದಾಳ ಮೊದಲ ಸೆಮಿಸ್ಟರಿನ ಫಲಿತಾಂಶ ಬಂತು. ನಮ್ಮಲ್ಲಿ ಪಿಯುಸಿ ಇದ್ದ ಹಾಗೆ ಇಲ್ಲಿ ಮೆಡಿಕಲ್‌ಗೆ ಮುಂಚೆ ಫೌಂಡೇಶನ್ ಅಂತ ಒಂದು ಓದು. ಸುಬಾಂಗ್ ಜಯಾದ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಇಲ್ಲಿಯ ಲೆಕ್ಕ ನೂರಕ್ಕೆ ಇಷ್ಟು ಅಂತಲ್ಲ, ನಾಲ್ಕಕ್ಕೆ ಇಷ್ಟು. ಎರಡು ಸೆಮಿಸ್ಟರ್ ಸೇರಿ ಮೂರೂವರೆ ಬಂದರೆ ಮೆಡಿಕಲ್ ಕಡೆ ತಲೆಯೆತ್ತಿ ನೋಡಬಹುದಂತೆ. ನಮ್ಮ ಹುಡುಗಿಗೆ ಬಂದದ್ದು ಮೂರು ಪಾಯಿಂಟ್ ಎರಡು. ಗಣಿತ, ರಸಾಯನಶಾಸ್ತ್ರ ಚೆನ್ನಾಗಿಯೇ ಇದ್ದವು. ಕೈಕೊಟ್ಟದ್ದು ಜೀವಶಾಸ್ತ್ರ, ಅದರಲ್ಲೂ ಪ್ರಾಕ್ಟಿಕಲ್ ಪರೀಕ್ಷೆ. ಆಡಿನ ಗುಂಡಿಗೆಯನ್ನು ಕೊಯ್ದು ಒಳಗಿನ ಭಾಗಗಳನ್ನು ತೋರಿಸಬೇಕಿತ್ತಂತೆ. ಇವಳ ಕೈ ನಡುಗಿ, ಕತ್ತಿಯನ್ನು ಕೆಳಗಿಟ್ಟು ಹೊರಗೆ ಬಂದುಬಿಟ್ಟಿದ್ದಾಳೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಯಾಜ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟ ಮಾಡುತ್ತ ತಣ್ಣಗೆ ಹೇಳಿದ, "ಆಡಿನ ಗುಂಡಿಗೆ ಮುಟ್ಟೋಕೆ ನಡುಗೋಳು ನಾಳೆ ಮನುಷ್ಯರನ್ನ ಹೇಗೆ ಮುಟ್ತಾಳೆ? ಈಗಲೇ ಕೋರ್ಸ್ ಬದಲಾಯಿಸೋಣ. ಅಕೌಂಟ್ಸ್ ಓದಲಿ." ಬದಲಾಯಿಸಲು ತಿಂಗಳ ಕೊನೆಯವರೆಗೆ ಸಮಯವಿತ್ತು. ನಿದಾ ಊಟ ಬಿಟ್ಟು ಎದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ಐದನೇ ವಯಸ್ಸಿನಿಂದ ಡಾಕ್ಟರ್ ಆಗುತ್ತೇನೆಂದು ಗೊಂಬೆಗಳಿಗೆಲ್ಲ ಪಟ್ಟಿ ಕಟ್ಟಿದ ಹುಡುಗಿ, ಇಸಾಕ್. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆಮೇಲೆ ನಡೆದದ್ದನ್ನು ಖುರ್ಷಿದಾಗೆ ಓದಿ ಹೇಳು, ನಗುತ್ತಾಳೆ. ಒಂದು ಬೆಳಿಗ್ಗೆ ಫ್ರಿಜ್ ತೆಗೆದರೆ ಡಬ್ಬಿಯೊಂದರಲ್ಲಿ ಆಡಿನ ಗುಂಡಿಗೆ, ಇಡಿಯಾಗಿ, ಕೊಬ್ಬಿನ ಸಮೇತ. ತಹರೀಮ್ ಗಂಡನಿಗಾಗಿ ತಂದಿಟ್ಟು ಆಫೀಸಿಗೆ ಹೋಗಿದ್ದಾಳೆ, ಪಾಪ ಅವಳಿಗೆ ಸಮಯವೆಲ್ಲಿ ಎಂದುಕೊಂಡೆ. ಬಕ್ರೀದ್ ದಿನ ಅಮ್ಮ ಮಾಡುತ್ತಿದ್ದ ಹಾಗೆ ಸಣ್ಣಗೆ ಹೆಚ್ಚಿ, ಮೆಣಸು ಕುಟ್ಟಿ ಹಾಕಿ, ಹುರಿದಿಟ್ಟೆ. ಶನಿವಾರವಾದ್ದರಿಂದ ನಯಾಜ್ ಮಧ್ಯಾಹ್ನವೇ ಬಂದ. ಬೆರಳು ಚೀಪಿಕೊಂಡು ತಿಂದು, ಊರಿಗೆ ಹೋಗಿ ಬಂದ ಹಾಗಾಯಿತು ಅಂದ. ಸಂಜೆ ನಿದಾ ಲೈಬ್ರರಿಯಿಂದ ಬಂದವಳೇ ಫ್ರಿಜ್ ಬಾಗಿಲು ಹಿಡಿದು ನಿಂತಳು. ಕೈ ಪಳಗಿಸಿಕೊಳ್ಳಲೆಂದು ಅವಳೇ ಮಾರ್ಕೆಟ್ಟಿನಿಂದ ತಂದು, ಯಾರಿಗೂ ಹೇಳದೆ ಇಟ್ಟಿದ್ದಳಂತೆ.

"ದಾದಿಮಾ, ನೀವು ನನ್ನ ಪಾಠಾನೇ ಬೇಯಿಸಿಬಿಟ್ರಿ," ಅಂದಳು. ಮೊದಲು ನಕ್ಕಳು. ಆಮೇಲೆ ನನ್ನ ಸೆರಗಿನಲ್ಲಿ ಮುಖವಿಟ್ಟು ಅತ್ತಳು.

ಮರುದಿನ ಅವಳನ್ನು ಕರೆದುಕೊಂಡು ನಾನೇ ಮಾರ್ಕೆಟ್ಟಿಗೆ ಹೋದೆ. ಮಟನ್ ಅಂಗಡಿಯವರು ತಮಿಳಿನವರು. ಕೊಯ್ಯದೆ ಕೊಡಿ, ಮೇಲಿನ ನಾಳವನ್ನೂ ಕತ್ತರಿಸಬೇಡಿ ಎಂದಾಗ, ಪಾಟಿ, ಅಂದರೆ ಅಜ್ಜಿ, ಹೊಸ ಅಡುಗೆ ಏನೋ ಕಲಿತಿದ್ದಾರೆ ಎಂದು ತಮಾಷೆ ಮಾಡಿದರು. ಹೌದಪ್ಪ, ಅಡುಗೆ ಮೊಮ್ಮಗಳದು, ನಾನು ಶಿಷ್ಯೆ ಎಂದೆ.

ಅಡುಗೆಮನೆ ಮೇಜಿನ ಮೇಲೆ ಪೇಪರ್ ಹಾಸಿದೆವು. ಮೊದಲ ಸಲ ಕತ್ತಿ ಊರಿದಾಗ ಅವಳ ಕೈ ನಡುಗಿದ್ದು ನಿಜ. ನಾನು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನಗೆ ವಿವರಿಸಲು ಶುರು ಮಾಡಿದಳು ನೋಡು, ಇಂಗ್ಲಿಷಿಗೆ ಕನ್ನಡ ಬೆರೆಸಿ, ಕನ್ನಡ ಸಿಗದಲ್ಲಿ ಕೈ ಆಡಿಸಿ, ಆಗ ನಡುಕ ಎಲ್ಲಿ ಹೋಯಿತೋ. ಮೇಲ್ಭಾಗವನ್ನು ತೆರೆದಳು. ದೊಡ್ಡ ನಾಳದ ಬಾಯಿಗೆ ನನ್ನ ಬೆರಳನ್ನು ಒತ್ತಿ ಹಿಡಿಸಿದಳು. ಒಳಗೆ ನೀರು ಹೊಯ್ದು, ಕೆಳಗಿನಿಂದ ಮೆಲ್ಲಗೆ ಹಿಂಡಿದಳು.

ಇಸಾಕ್, ನನ್ನ ಕಣ್ಣೆದುರೇ ಒಂದು ಬಾಗಿಲು ಮುಚ್ಚಿಕೊಂಡಿತು. ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಎರಡು ರೆಕ್ಕೆಗಳು ಮೇಲೆದ್ದು ಒಂದನ್ನೊಂದು ಕೂಡಿಕೊಂಡವು. ನೀರು ಮೇಲೆ ಬರಲಿಲ್ಲ. ಆ ರೆಕ್ಕೆಗಳು ಹಿಂದಕ್ಕೆ ಮಗುಚಿಕೊಳ್ಳದಂತೆ ಕೆಳಗಿನಿಂದ ಬಿಳಿಯ ಎಳೆಗಳು ಹಿಡಿದಿದ್ದವು, ಕಾಜಾ ಹಾಕುವ ದಾರದಷ್ಟು ಸಣ್ಣವು. ಎಳೆದು ನೋಡಿ ಎಂದಳು. ಎಳೆದೆ. ಕಿತ್ತು ಬರಲಿಲ್ಲ. ನನ್ನ ಬಾಯಿಂದ ಸುಭಾನಲ್ಲಾಹ್ ಎಂದಷ್ಟೇ ಹೊರಟಿತು. ಎಷ್ಟು ಬಕ್ರೀದ್‌ಗಳಲ್ಲಿ ಎಷ್ಟು ಗುಂಡಿಗೆಗಳನ್ನು ಈ ಕೈ ತೊಳೆದು ಹೆಚ್ಚಿದೆ. ಆ ಎಳೆಗಳನ್ನು ನಾರು ಅಂತ ಕಿತ್ತು ಬೆಕ್ಕಿಗೆ ಹಾಕಿದ್ದೇನೆ. ಒಳಗೆ ಯಾರೋ ಇಂಥ ಕುಸುರಿ ಕೆಲಸ ಮಾಡಿಟ್ಟಿದ್ದಾರೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಹದಿನೆಂಟರ ಹುಡುಗಿ ಅದನ್ನು ತೆರೆದು ತೋರಿಸಿದಳು. ಆಗ ಅವಳ ಮುಖ ನೋಡಬೇಕಿತ್ತು ನೀನು. ನಮಾಜಿಗೆ ನಿಂತವರ ಮುಖದ ಹಾಗಿತ್ತು.

ನಯಾಜ್ ಯಾವಾಗ ಬಂದು ಬಾಗಿಲಲ್ಲಿ ನಿಂತನೋ ಗೊತ್ತಿಲ್ಲ. ನೀರಿನ ಪಂಪುಗಳ ಎಂಜಿನಿಯರ್ ಅಲ್ಲವೇ, ಹತ್ತಿರ ಬಂದು ಇಣುಕಿ, ಇದು ನಮ್ಮ ಪಂಪಿನ ವಾಲ್ವೇ ಎಂದ. ನಿದಾ ತಲೆಯೆತ್ತದೆ, "ನಿಮ್ಮ ಪಂಪಿಗೆ ವರ್ಷಾ ವರ್ಷಾ ಸರ್ವಿಸ್ ಬೇಕು ಅಬ್ಬಾ. ದಾದಿಮಾದು ಎಪ್ಪತ್ತೊಂದು ವರ್ಷದಿಂದ ಒಂದ್ಸಲಾನೂ ಆಫ್ ಆಗಿಲ್ಲ," ಎಂದಳು. ಅವನು ನಗಲಿಲ್ಲ. ಕೋರ್ಸಿನ ಮಾತನ್ನೂ ಎತ್ತದೆ ಕೈ ತೊಳೆದುಕೊಂಡು ಹೋದ. ಇನ್ನು ಅಕೌಂಟ್ಸೇ ಗತಿ ಎಂದುಕೊಂಡೆ.

ಆದರೆ ಮೊನ್ನೆ ನಯಾಜ್, ನಿದಾ, ನಾನು ಮೂವರೂ ಹೊರಗೆ ಹೋಗಿದ್ದಾಗ, ಎಲ್ಲಿಗೆ ಎಂಬುದಿರಲಿ, ವಾಪಸು ಬರುತ್ತ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಟೀಗೆ ಕೂತೆವು. ತಹರೀಮ್‌ಗೆಂದು ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸುತ್ತಿದ್ದ ನಯಾಜ್ ಮಗಳ ಕಡೆ ತಿರುಗದೆಯೇ, ಎರಡನೇ ಸೆಮಿಸ್ಟರೂ ಇದೇ ಓದು, ಮೂರು ಪಾಯಿಂಟ್ ಎಂಟು ತಂದು ತೋರಿಸು ಅಂದ. ಅಷ್ಟು ಬಂದರೆ ಎರಡೂ ಸೇರಿ ಮೂರೂವರೆಯಾಗುತ್ತದಂತೆ. ಕಷ್ಟವೇ. ಬರದೆಯೂ ಹೋಗಬಹುದು. ನಿದಾ "ಓಕೆ ಲಾ, ಅಬ್ಬಾ" ಎಂದು ಟೀ ಲೋಟದಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗಾಗಿ ದುಆ ಮಾಡು. ಗಂಗಾಧರ ಮೇಷ್ಟ್ರಿಗೂ ಹೇಳು, ಅವರೂ ತಮ್ಮ ದೇವರಲ್ಲಿ ಒಂದು ಮಾತು ಕೇಳಲಿ.

ಇಂತಿ,
ನಿನ್ನ ಆಪಾ
ಝುಬೇದಾ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಅಂತಿದ್ದೆ. ಆ ಗುಂಡಿಗೆ ಕೊಯ್ದ ದಿನ ರಾತ್ರಿ ನಿದಾ, ನಿಮ್ಮದನ್ನೂ ಕೇಳಲಾ ದಾದಿಮಾ ಎಂದು ನನ್ನ ಎದೆಗೆ ಕಿವಿಯಿಟ್ಟಳು. ಆಟಕ್ಕೆಂದು ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ನೆಟ್ಟಗೆ ಅಪ್ಪನ ಬಳಿ ಹೋಗಿ, ಬಡಿತದ ನಡುವೆ ಉಸ್ ಅನ್ನುತ್ತಿದೆ, ಏನಂತ ನನಗೆ ಗೊತ್ತಿಲ್ಲ, ಗೊತ್ತಿರೋರಿಗೆ ತೋರಿಸಬೇಕು ಎಂದಳು. ಮೊನ್ನೆ ಹೋದದ್ದು ಆಸ್ಪತ್ರೆಗೆ. ಎಡಗಡೆಯ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲವಂತೆ, ಸದ್ಯಕ್ಕೆ ಮಾತ್ರೆ ಸಾಕಂತೆ. ಇದನ್ನು ಮೊದಲು ಪತ್ತೆ ಮಾಡಿದ್ದು ಯಾರು ಎಂದು ಡಾಕ್ಟರಮ್ಮ ಕೇಳಿದರು. ನಯಾಜ್, ನನ್ನ ಮಗಳು ಅಂದ. ಅವನ ದನಿ ಆ ರೀತಿ ಆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನೀನು ಹೆದರಬೇಡ. ನಾನು ಹೆದರಿಲ್ಲ, ಆ ಬಾಗಿಲು ಎಷ್ಟು ಚೆಂದವಿರುತ್ತದೆಂದು ನೋಡಿದ್ದೇನಲ್ಲ. ನೀನೂ ಒಮ್ಮೆ ಗುಂಡಿಗೆ ತೋರಿಸಿಕೊಂಡು, ಡಾಕ್ಟರು ಏನೆಂದರೆಂದು ತಡಮಾಡದೆ ಬರಿ. ನಿನಗೆ ಹೇಳಿದೆನಾ ಎಂದು ನಿದಾ ದಿನಾ ಕೇಳುತ್ತಾಳೆ.